ಪಾಳು ಬಂಗಲೆಯ ಪಂಥ

ಆ ಮನೆಯಲ್ಲಿ ಜಗಳವೆಂಬುದೇ ಇರಲಿಲ್ಲ. ಅಕ್ಕಪಕ್ಕದವರ ಮನೆಯಲ್ಲಿ ಲೋಟ ಹಾರುತ್ತಿತ್ತು, ಬಾಗಿಲು ದಡಾರೆಂದು ಬಡಿದುಕೊಳ್ಳುತ್ತಿತ್ತು; ಇಲ್ಲಿ ಮಾತ್ರ ಪಂಥ ಕಟ್ಟುತ್ತಿದ್ದರು. ಗೋಡೆಗೆ ಯಾವ ಬಣ್ಣ ಎನ್ನುವುದಕ್ಕೂ ಪಂಥ, ಮಗಳಿಗೆ ಯಾವ ಹೆಸರು ಎನ್ನುವುದಕ್ಕೂ ಪಂಥ. ಈ ಪದ್ಧತಿ ಹಾಕಿಕೊಟ್ಟವರು ಮನೆಯ ಯಜಮಾನರು. ಈಗಿಲ್ಲ, ತೀರಿಕೊಂಡಿದ್ದಾರೆ. "ಕೂಗಾಡಿದ್ರೆ ಗಂಟಲಿಗೆ ನೋವು, ಪಂಥ ಕಟ್ಟಿದ್ರೆ ಒಂದು ತೀರ್ಮಾನ" ಅನ್ನುತ್ತಿದ್ದರು ಪುಣ್ಯಾತ್ಮರು. ಸೋತವರು ಕಮಕ್ ಕಿಮಕ್ ಅನ್ನುವ ಹಾಗಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೆಂಟರೆಲ್ಲ ಬಂದು ನೋಡಿ, ಸಂಸಾರ ಅಂದರೆ ಹೀಗಿರಬೇಕಪ್ಪ, ಒಂದು ಏರುದನಿ ಇಲ್ಲ ಎಂದು ಹೊಗಳಿ ಹೋಗುತ್ತಿದ್ದರು. ಹೊಗಳುವವರಿಗೇನು, ಅವರ ಗಂಟು ಹೋಗುತ್ತದೆಯೇ?

ಆ ಮನೆಯ ಯಜಮಾನಿಗೆ ಬೀದಿಯವರು ಇಟ್ಟ ಹೆಸರು ಬ್ಯಾಗಮ್ಮ. ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿಯೇ ಅವಳ ಅಂಗಡಿ. ನೆಟ್ಟಗೆ ನಿಲ್ಲಬೇಕಾದರೆ ಬಾಗಿಲ ಹತ್ತಿರವೇ ನಿಲ್ಲಬೇಕು, ಒಳಗೆ ಹೋದಷ್ಟೂ ಬಗ್ಗಬೇಕು. ಶಾಲೆ ಮಕ್ಕಳ ಚೀಲ, ಊರಿಗೆ ಹೊರಟವರ ಸೂಟ್‌ಕೇಸು, ಬಾಯಿ ಹರಿದ ವ್ಯಾನಿಟಿ ಬ್ಯಾಗು, ಎಲ್ಲದರ ರಿಪೇರಿಯೂ ಅಲ್ಲೇ. ಜಿಪ್ಪಿನ ರನ್ನರುಗಳು ಹಳೆಯ ಬಿಸ್ಕತ್ತಿನ ಡಬ್ಬಿಗಳಲ್ಲಿ, ದಬ್ಬಳಗಳು ಗೋಡೆಗೆ ಅಂಟಿಸಿದ ಥರ್ಮಕೋಲಿನಲ್ಲಿ, ಮೂಲೆಯಲ್ಲಿ ಕಪ್ಪು ಹೊಲಿಗೆ ಮಿಷನ್ನು. "ಇದನ್ನ ಎಸೆದುಬಿಡೋದು ವಾಸಿ ಅಲ್ವೇನಮ್ಮ?" ಎಂದು ಗಿರಾಕಿ ಕೇಳಿದರೆ, "ಮೊಣಕಾಲು ನೋವು ಬಂತು ಅಂತ ಕಾಲನ್ನೇ ಎಸೀತೀಯೇನಪ್ಪ? ಕೊಡು ಇಲ್ಲಿ" ಅನ್ನುವಳು. ಬಾಯಿ ಸ್ವಲ್ಪ ಜೋರು. ಆದರೆ ಅವಳು ಕೂರಿಸಿದ ಜಿಪ್ಪು ಕೈಕೊಟ್ಟ ಉದಾಹರಣೆ ಇಲ್ಲ.

ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಬ್ಯಾಗಮ್ಮ ಅಂಗಡಿಯಲ್ಲೇ ಬಿದ್ದಳು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಊಟ ಮರೆತು, ಯಾರದೋ ಸೂಟ್‌ಕೇಸಿನ ಚಕ್ರದ ಜೊತೆ ಗುದ್ದಾಡುತ್ತ ಕೂತಿದ್ದಳು. ಕಣ್ಣು ಕತ್ತಲೆ ಬಂದದ್ದಷ್ಟೇ ಗೊತ್ತು. ಮೊದಲು ಕಂಡವನು ಮಗ. ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರು ಅವನು. ನೂರಾರು ಮಕ್ಕಳನ್ನು ಒಂದೇ ಕೂಗಿಗೆ ಸಾಲಿನಲ್ಲಿ ನಿಲ್ಲಿಸುವ ಗಂಡಸು, ಅವತ್ತು ಅಮ್ಮನ ಕೆನ್ನೆ ತಟ್ಟುತ್ತ ಬಾಯಿ ಬಿಟ್ಟು ಅತ್ತನಂತೆ. ಆ ಅಳು ಸುಳ್ಳಲ್ಲ. ಆಮೇಲೆ ಅವನು ಮಾಡಿದ್ದನ್ನು ಕೇಳುವಾಗಲೂ ಇದನ್ನು ಮರೆಯಬಾರದು.

ಅಮ್ಮ ಚೇತರಿಸಿಕೊಂಡು ಮತ್ತೆ ಅಂಗಡಿ ತೆರೆದ ವಾರವೇ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಬೇರೆ ಮನೆ ಮಾಡಿಕೊಂಡಿದ್ದ ಮಗ ವಿಷಯ ಎತ್ತಿದ.

"ಅಂಗಡಿ ಇನ್ನು ಸಾಕಮ್ಮ. ನಮ್ಮನೇಗೆ ಬಂದುಬಿಡು. ಹಿಂದಿನ ರೂಮು ಖಾಲಿ ಮಾಡಿಸ್ತೀನಿ."

"ಹಿಂದಿನ ರೂಮಲ್ಲಿ ಕೂತು ಏನ್ ಮಾಡ್ಲಿ? ಗೋಡೆ ಮೇಲಿನ ಹಲ್ಲಿ ಎಣಿಸ್ಲಾ?"

"ರೆಸ್ಟ್ ತಗೋ."

"ರೆಸ್ಟು ಸತ್ತಮೇಲೆ ಬೇಕಾದಷ್ಟು ಸಿಗುತ್ತೆ. ನಂಗೇನೋ ಆಗಿದೆ ಧಾಡಿ? ಕಾಡೊಳಗೆ ಕೆರೆ ದಂಡೇಲಿ ಆ ಪಾಳು ಬಂಗಲೆ ಇದೆಯಲ್ಲ, ಅಲ್ಲೀತನಕ ನಡೆದು ಬಾ ಅಂದ್ರೂ ಬರ್ತೀನಿ!"

ಮಾತು ಬಾಯಿಂದ ಬಿದ್ದದ್ದೇ ತಡ, ಮಗ ಹಿಡಿದುಕೊಂಡ. "ಪಂಥಾನಾ?"

ಆ ಪದ ಕಿವಿಗೆ ಬಿದ್ದರೆ ಆ ಮನೆಯವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ರಕ್ತದಲ್ಲೇ ಬಂದ ರೋಗ. ಬ್ಯಾಗಮ್ಮನಿಗೆ ಮದುವೆಯಾಗಿ ಬಂದದ್ದು. "ಪಂಥ!" ಎಂದಳು, ಹಿಂದೆಮುಂದೆ ನೋಡದೆ.

ನಿಯಮಗಳನ್ನು ಮಗನೇ ಹೇಳಿದ. ಹೋಗುವಾಗ ಯಾರ ಕೈಯನ್ನೂ ಹಿಡಿಯುವ ಹಾಗಿಲ್ಲ. ಬಂಗಲೆಯ ಬಾಗಿಲುಕಂಬ ಮುಟ್ಟುವವರೆಗೆ ಎಲ್ಲೂ ಕೂರುವ ಹಾಗಿಲ್ಲ. ನಿಂತು ಎಷ್ಟು ಹೊತ್ತು ಬೇಕಾದರೂ ಸುಧಾರಿಸಿಕೊಳ್ಳಬಹುದು, ಆದರೆ ಕೂತರೆ ಸೋತ ಹಾಗೆ. ಗೆದ್ದರೆ ಅಂಗಡಿ ಅಮ್ಮನದು. ಸೋತರೆ ಅಂಗಡಿ ಬೀಗದಕೈ ಅವತ್ತೇ ಮಗನ ಕೈಗೆ. ಸಾಕ್ಷಿಗೆ ಚಿಕ್ಕಪ್ಪ, ಅಂದರೆ ಬ್ಯಾಗಮ್ಮನ ಮೈದುನ. ರೈಲಿನಲ್ಲಿ ಟಿಕೆಟ್ ನೋಡುವ ಕೆಲಸ ಮಾಡಿ ನಿವೃತ್ತರಾದವರು. ಈಗಲೂ ಯಾರನ್ನು ಕಂಡರೂ, ಇವನು ಟಿಕೆಟ್ ಇಲ್ಲದೆ ಹತ್ತಿದವನೇ ಇರಬೇಕು ಎನ್ನುವ ಮುಖ. ಅಣ್ಣ ಹೋದ ಮೇಲೆ ಮನೆಯ ಪಂಥಗಳಿಗೆಲ್ಲ ಅವರದೇ ತೀರ್ಪು.

ಭಾನುವಾರ ಬೆಳಿಗ್ಗೆ ನಾಲ್ವರೂ ಕಾಡಿನ ಬಾಯಿಗೆ ಬಂದು ಇಳಿದರು. ನಾಲ್ಕನೆಯವಳು ಮಗಳು, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಮಾತು ಕಡಿಮೆ. ಅಮ್ಮನ ಪರವೋ ಅಣ್ಣನ ಪರವೋ ಎಂದು ಯಾರೂ ಅವಳನ್ನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ತುಕ್ಕು ಹಿಡಿದ ಬೋರ್ಡಿನಿಂದಾಚೆ ಕಾಲುದಾರಿ ಶುರು. ದಾರಿ ತಪ್ಪಬಾರದೆಂದು ಮರಮರಕ್ಕೂ ಹಳದಿ ಬಣ್ಣದ ಪಟ್ಟೆ ಬಳಿದಿದ್ದರು. ಮಗ ಮುಂದೆ, ಬ್ಯಾಗಮ್ಮ ಮಧ್ಯೆ, ಪಕ್ಕದಲ್ಲಿ ಮಗಳು, ಹಿಂದೆ ಕೊಡೆ ಊರಿಕೊಂಡು ಚಿಕ್ಕಪ್ಪ.

ಮೊದಲಿಗೆ ದಾರಿ ಸಲೀಸಾಗಿತ್ತು. ಒಣಗಿದ ಎಲೆ ಕಾಲ ಕೆಳಗೆ ಚರಪರ ಅನ್ನುತ್ತಿತ್ತು, ಗಾಳಿಗೆ ಹಸಿ ಮಣ್ಣಿನ ವಾಸನೆ. ಬ್ಯಾಗಮ್ಮನಿಗೆ ನಿಜವಾಗಿಯೂ ಖುಷಿಯಾಯಿತು. ಎಷ್ಟು ವರ್ಷವಾಗಿತ್ತು ತಲೆಯ ಮೇಲೆ ಮೆಟ್ಟಿಲಿಲ್ಲದ ಜಾಗದಲ್ಲಿ ಹೀಗೆ ಕೈ ಬೀಸಿಕೊಂಡು ನಡೆದು! ಆಮೇಲೆ ಏರು ಶುರುವಾಯಿತು ನೋಡಿ. ಮರದ ಬೇರುಗಳು ದಾರಿಗಡ್ಡ ಮಲಗಿದ್ದವು. ಒಂದೊಂದು ಬೇರು ಹತ್ತುವಾಗಲೂ ಎಡಮೊಣಕಾಲು ಅಯ್ಯೋ ಅಂದಿತು. ಬೆವರು ರವಿಕೆಗೆ ಇಳಿಯಿತು. ಒಂದು ತೊರೆಗೆ ಅಡ್ಡಲಾಗಿ ಎರಡು ದಿಮ್ಮಿ ಹಾಕಿದ್ದರು, ಹಿಡಿದುಕೊಳ್ಳಲು ಏನೂ ಇರಲಿಲ್ಲ. ಮಗಳು ತಾನಾಗಿ ಕೈ ಚಾಚಿದಳು. ಹಿಂದಿನಿಂದ ಚಿಕ್ಕಪ್ಪ ಕೆಮ್ಮಿದರು. ಚಾಚಿದ ಕೈ ಹಿಂದಕ್ಕೆ ಹೋಯಿತು. ಬ್ಯಾಗಮ್ಮ ಉಸಿರು ಬಿಗಿಹಿಡಿದು, ಒಂದೊಂದೇ ಹೆಜ್ಜೆ ಜರುಗಿಸುತ್ತ ದಾಟಿದಳು. ದಾಟಿದ ಮೇಲೆ ಮರಕ್ಕೊರಗಿ ನಿಂತಳು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಭಯವಾಗಿತ್ತು. ಭಯವಾಗಲಿಲ್ಲ ಎಂದು ಸುಳ್ಳು ಯಾಕೆ ಹೇಳಬೇಕು?

ಅಷ್ಟರಲ್ಲಿ ಚಿಕ್ಕಪ್ಪ ಬಂದವರೇ ಒಂದು ಬೊಡ್ಡೆಯ ಮೇಲೆ ಉಸ್ಸಪ್ಪಾ ಎಂದು ಕೂತುಬಿಟ್ಟರು.

"ಏನಪ್ಪ ಮಹಾನುಭಾವ, ಕೂತೇಬಿಟ್ಟೆ?"

"ಸಾಕ್ಷಿಗೆ ಆ ನಿಯಮ ಇಲ್ಲ ಅತ್ತಿಗೆ" ಎಂದರು ಅವರು, ಬಾಳೆಹಣ್ಣು ಸುಲಿಯುತ್ತ.

ಮಗನೂ ಒಂದು ಬಂಡೆಗೆ ಅರ್ಧ ಕೂತು ಶೂ ಲೇಸು ಬಿಗಿದುಕೊಂಡ. ಮಗಳು ಮಾತ್ರ ನಿಂತೇ ಇದ್ದಳು. ಗಂಡಸರಿಬ್ಬರೂ ಕೂತು, ನೀರು ಕುಡಿದು, ಹಣ್ಣು ತಿಂದರು. ಪಂಥ ಕಟ್ಟಿದವಳು ನಿಂತೇ ನೀರು ಕುಡಿದಳು, ನಿಂತೇ ಬ್ರೆಡ್ಡು ಜಗಿದಳು. ಬ್ರೆಡ್ಡು ಗಂಟಲಲ್ಲಿ ಸಿಕ್ಕಿಕೊಂಡಿತು. ಅವಳಿಗೆ ಒಳಗೊಳಗೇ ಯಾಕೋ ಉರಿಯತೊಡಗಿತು. ಯಾರ ಮೇಲೆ ಎಂದು ಇನ್ನೂ ಗೊತ್ತಾಗಿರಲಿಲ್ಲ.

ಮತ್ತೆ ಹೊರಟಾಗ ಮಗ ಅವಳ ಪಕ್ಕಕ್ಕೇ ಬಂದ. ಮುಖದಲ್ಲಿ ನಿಜವಾದ ಮೆಚ್ಚುಗೆ ಇತ್ತು.

"ಪರವಾಗಿಲ್ವೇ ಅಮ್ಮ! ಗೆದ್ದೇಬಿಡ್ತೀಯ ಅನ್ಸುತ್ತೆ. ಗೆದ್ರೆ ಈ ವರ್ಷ ಅಂಗಡಿ ಇಟ್ಕೋ, ನಂದೇನೂ ತಕರಾರಿಲ್ಲ. ಮುಂದಿನ ವರ್ಷ ಮತ್ತೆ ಬರೋಣ, ಆಗ ನೋಡೋಣ."

"ಮತ್ತೆ ಯಾಕೆ?"

"ವಯಸ್ಸು ನಿಂತ ಕಡೆ ನಿಲ್ಲುತ್ತಾ? ವರ್ಷಕ್ಕೊಂದು ಸಲ ಚೆಕ್ ಮಾಡ್ತಾ ಇರ್ಬೇಕಮ್ಮ."

ಹಳೆಯ ಲಾರಿ ಇನ್ನೂ ಓಡಲು ಲಾಯಕ್ಕೇ ಎಂದು ವರ್ಷವರ್ಷ ಎಫ್‌ಸಿ ಮಾಡಿಸುತ್ತಾರಲ್ಲ, ಹಾಗೆ! ಬ್ಯಾಗಮ್ಮ ಏನೂ ಅನ್ನಲಿಲ್ಲ. ಅವಳು ಸುಮ್ಮನಿದ್ದಳು ಅಂದರೆ ಬೀದಿಯವರು ಹುಷಾರಾಗುತ್ತಿದ್ದರು. ಮಗನಿಗೆ ಅಷ್ಟು ತಿಳಿಯಲಿಲ್ಲ. ಅವನು ಮುಂದೆ ಹೋಗಿ ಸಿಳ್ಳೆ ಹಾಕತೊಡಗಿದ.

ಏರು ಹತ್ತುತ್ತ ಹತ್ತುತ್ತ ಅವಳ ತಲೆಯೊಳಗೆ ಹಳೆಯ ಪಂಥಗಳು ಒಂದೊಂದಾಗಿ ಎದ್ದು ಕೂತವು. ಮದುವೆಯಾದ ಹೊಸತು, ಮಿಷನ್ನನ್ನು ಬೆಳಕಿರುವ ಮುಂದಿನ ಕೋಣೆಯಲ್ಲಿ ಇಡುತ್ತೇನೆ ಎಂದಿದ್ದಳು. ಇವತ್ತು ಮೊದಲು ಬಾಗಿಲು ತಟ್ಟುವವರು ಗಂಡಸೋ ಹೆಂಗಸೋ ಎಂದು ಯಜಮಾನರು ಪಂಥ ಕಟ್ಟಿದರು. ಬಂದವನು ಪೇಪರಿನವನು. ಮಿಷನ್ನು ಅಡುಗೆಮನೆ ಮೂಲೆಗೆ ಹೋಯಿತು. ಮಗಳಿಗೆ ತನ್ನ ತಾಯಿಯ ಹೆಸರಿಡಬೇಕೆಂದಿದ್ದಳು. ಅದಕ್ಕೂ ಪಂಥ, ಅದರಲ್ಲೂ ಸೋಲು. ಗೆದ್ದದ್ದು ಒಂದೇ ಒಂದು. ಮಿಷನ್ನನ್ನು ಮಾರಿಬಿಡೋಣ ಎಂದು ಯಜಮಾನರು ಹಟ ಹಿಡಿದಾಗ, "ಒಂದು ಇಡೀ ದಿನ ನೀನು ಬಾಯಿ ಬಿಡದಿದ್ರೆ ಮಾರಲ್ಲ" ಎಂದಿದ್ದರು. ಬ್ಯಾಗಮ್ಮ ಹಗಲಿಡೀ ತುಟಿ ಹೊಲಿದುಕೊಂಡಂತೆ ಕೂತು ಗೆದ್ದಳು. ಆ ಕಥೆ ಹೇಳಿಕೊಂಡು ನೆಂಟರು ಇವತ್ತಿಗೂ ಹೊಟ್ಟೆ ಹಿಡಿದು ನಗುತ್ತಾರೆ. ಅವಳೂ ನಗುತ್ತಿದ್ದಳು.

ಇವತ್ತು ಮಾತ್ರ ನಗು ಬರಲಿಲ್ಲ. ಏನು ಗೆದ್ದೆ ನಾನು? ತವರಿನಿಂದ ತಂದ ನನ್ನದೇ ಮಿಷನ್ನು! ಸೋತದ್ದೇನು? ನನ್ನ ಕೋಣೆ, ನನ್ನ ಮಗಳ ಹೆಸರು. ಅವರದ್ದೊಂದು ಹಳೇ ಚಪ್ಪಲಿಯನ್ನಾದರೂ ಯಾವತ್ತಾದರೂ ಪಣಕ್ಕಿಟ್ಟಿದ್ದರೇ? ಇಲ್ಲ. ಒಂದು ಸಲವೂ ಇಲ್ಲ. ಇಷ್ಟು ವರ್ಷ ಇದು ನನಗೆ ಹೊಳೆಯಲಿಲ್ಲವಲ್ಲ, ನಾನೆಂಥ ಪೆದ್ದಿ! ಬ್ಯಾಗಮ್ಮನಿಗೆ ಎಷ್ಟು ಸಿಟ್ಟು ಬಂತೆಂದರೆ ಮೊಣಕಾಲಿನ ನೋವೇ ಮರೆತುಹೋಯಿತು. ಉಳಿದ ಏರನ್ನು ದಾಪುಗಾಲು ಹಾಕಿ ಹತ್ತಿದಳು. ಚಿಕ್ಕಪ್ಪ ಹಿಂದಿನಿಂದ, "ಅತ್ತಿಗೆ, ನಿಧಾನ, ನಿಧಾನ" ಎಂದು ಕೂಗುತ್ತಲೇ ಇದ್ದರು.

ಏರು ಮುಗಿದ ಕಡೆ ಮರಗಳು ಸರಿದು ಕೆರೆ ಕಂಡಿತು. ದೊಡ್ಡ ಕೆರೆ, ಆಕಾಶವೆಲ್ಲ ಅದರೊಳಗೆ. ದಂಡೆಯಿಂದ ಕಲ್ಲೆಸೆತದಷ್ಟು ದೂರದಲ್ಲಿ ಪಾಳು ಬಂಗಲೆ. ಸೂರಿಲ್ಲ, ಕಿಟಕಿಗಳ ಜಾಗದಲ್ಲಿ ಚೌಕಾಕಾರದ ತೂತುಗಳು, ಒಂದು ಕೋಣೆಯೊಳಗಿಂದ ಮರವೇ ಬೆಳೆದು ಮೇಲಕ್ಕೆ ಹೋಗಿತ್ತು. ಆದರೆ ಮುಂಬಾಗಿಲಿನ ಕಲ್ಲುಕಂಬಗಳೆರಡೂ ಗಟ್ಟಿಯಾಗಿ ನಿಂತಿದ್ದವು. ಮುಟ್ಟಬೇಕಾದ್ದು ಅದನ್ನೇ.

"ಇನ್ನೇನು ಬಂದೇಬಿಡ್ತು!" ಎಂದ ಮಗ. ನಿಜ ಹೇಳಬೇಕೆಂದರೆ ಅವನಿಗೂ ಅಮ್ಮ ಗೆಲ್ಲಲಿ ಎಂದೇ ಆಸೆಯಾಗಿತ್ತು. "ಹೋಗಮ್ಮ, ಮುಟ್ಟಿಬಿಡು. ಫೋಟೋ ತೆಗೀತೀನಿ."

ಬ್ಯಾಗಮ್ಮ ಬಂಗಲೆಯ ಕಡೆ ನೋಡಿದಳು. ಆಮೇಲೆ ನೀರಿನ ಪಕ್ಕದಲ್ಲಿದ್ದ ಚಪ್ಪಟೆ ಕಲ್ಲಿನ ಹತ್ತಿರ ಹೋಗಿ, ಸೀರೆಯ ನಿರಿಗೆ ಸ್ವಲ್ಪ ಎತ್ತಿಕೊಂಡು, ಆರಾಮವಾಗಿ ಕೂತಳು.

"ಅಮ್ಮಾ!" ಮಗ ಹೌಹಾರಿದ. "ಕೂರ್ಬೇಡ! ಏಳು, ಏಳು! ಚಿಕ್ಕಪ್ಪ ನೋಡ್ಲಿಲ್ಲ, ಏಳು ಬೇಗ!"

"ನೋಡಿದೆ" ಎಂದರು ಚಿಕ್ಕಪ್ಪ.

"ನೋಡ್ಲಿ. ನೋಡ್ಲಿ ಅಂತಲೇ ಕೂತಿದ್ದು." ಬ್ಯಾಗಮ್ಮ ಚಪ್ಪಲಿ ಬಿಚ್ಚಿ ಕಾಲನ್ನು ನೀರಿಗೆ ಇಳಿಬಿಟ್ಟಳು. ತಣ್ಣಗಿನ ನೀರು. ಹಾಯೆನಿಸಿತು.

"ತಲೆ ಸುತ್ತು ಬಂತಾ?" ಮಗಳು ಓಡಿಬಂದು ಕೈ ಹಿಡಿದು ನಾಡಿ ನೋಡಿದಳು.

"ಏನೂ ಬಂದಿಲ್ಲ ಕಣೇ. ಬುದ್ಧಿ ಬಂತು." ಮಗನ ಕಡೆ ತಿರುಗಿದಳು. "ಕೇಳೋ ಇಲ್ಲಿ. ನಾನು ಗೆದ್ರೆ ನನ್ನ ಅಂಗಡಿ ನನಗೇ. ಸೋತ್ರೆ ನನ್ನ ಅಂಗಡಿ ನಿನಗೆ. ನೀನು ಸೋತ್ರೆ ನಿಂದೇನೋ ಹೋಗುತ್ತೆ?"

ಫೋಟೋಗೆಂದು ಹಿಡಿದಿದ್ದ ಫೋನನ್ನು ಮಗ ಕೆಳಗಿಳಿಸಿದ.

"ಇದು ಪಂಥ ಅಲ್ಲ. ನನ್ನ ಜೇಬಿಗೆ ಕೈ ಹಾಕೋದು. ನಿಮ್ಮಪ್ಪ ಜೀವಮಾನ ಪೂರ್ತಿ ಇದನ್ನೇ ಮಾಡಿದ್ರು, ನಾನೂ ಗೆದ್ದೆ ಸೋತೆ ಅಂತ ಕುಣೀತಾ ಇದ್ದೆ. ಇನ್ನು ಆಗಲ್ಲ. ಬೆಳಿಗ್ಗೆ ಅಂಗಡಿ ತೆಗೀತೀನಿ. ಮುಂದಿನ ವರ್ಷವೂ ತೆಗೀತೀನಿ. ನನ್ನ ಅಂಗಡಿಗೆ ನಾನು ಯಾರ ಹತ್ರಾನೂ ಪರೀಕ್ಷೆ ಪಾಸು ಮಾಡ್ಬೇಕಾಗಿಲ್ಲ."

"ಕುಣಿಯಲಾರದೋಳು ನೆಲ ಡೊಂಕು ಅಂದಳಂತೆ" ಎಂದರು ಚಿಕ್ಕಪ್ಪ, ಕೊಡೆಯ ಹಿಡಿಯ ಮೇಲೆ ಗದ್ದ ಊರಿ.

ಬ್ಯಾಗಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟು ದೂರ ಕುಣಿದು ತೋರಿಸಿದ್ದೀನಿ ಕಣಪ್ಪ. ನಿನ್ನ ಹಾಗೆ ದಾರೀಲಿ ಬೊಡ್ಡೆ ಬೊಡ್ಡೆ ಮೇಲೂ ಕೂತು ಬರ್ಲಿಲ್ಲ. ಕುಣಿದಮೇಲೇ ಹೇಳ್ತಾ ಇದ್ದೀನಿ, ನೆಲ ಡೊಂಕೇ!"

ಮಗಳು ಕಿಸಕ್ಕನೆ ನಕ್ಕಳು. ಎಲ್ಲರೂ ಅವಳ ಕಡೆ ನೋಡಿದರು. ಅವಳು ನಗು ನುಂಗಲಿಲ್ಲ.

"ಈ ಮನೇಲಿ ಇವತ್ತಿನ ತನಕ ಯಾರೂ ಪಂಥ ಮುರಿದಿಲ್ಲ ಅತ್ತಿಗೆ. ಅಣ್ಣ ಇದ್ದಿದ್ರೆ..."

"ಇದ್ದಿದ್ರೆ ಅವರಿಗೂ ಇದನ್ನೇ ಹೇಳ್ತಿದ್ದೆ. ತಡವಾಯ್ತು, ಅದೊಂದೇ ಬೇಜಾರು."

ಮಗನ ಮುಖ ಕೆಂಪೇರಿತ್ತು. "ನೀನು ಬಿದ್ದಿದ್ದನ್ನ ನೋಡಿದ್ದು ನಾನಮ್ಮ. ಆ ಮೆಟ್ಟಿಲ ಕೆಳಗೆ, ಆ ಹಾಳು ಸೂಟ್‌ಕೇಸುಗಳ ಮಧ್ಯೆ. ನಾನು ಬರೋದು ಇನ್ನೊಂಚೂರು ತಡವಾಗಿದ್ರೆ? ನಿಂಗೆ ಅರ್ಥವೇ ಆಗಲ್ಲ."

ಎಷ್ಟಾದರೂ ಹೆತ್ತ ಮಗ. ಬ್ಯಾಗಮ್ಮ ದನಿ ತಗ್ಗಿಸಿದಳು, ಮಾತು ತಗ್ಗಿಸಲಿಲ್ಲ.

"ಅರ್ಥ ಆಗುತ್ತೆ ಕಣೋ. ನಂಗೂ ಹೆದರಿಕೆ ಇದೆ. ಹೊತ್ತಿಗೆ ಸರಿಯಾಗಿ ಉಣ್ಣು ಅನ್ನು, ಉಣ್ತೀನಿ. ಒಬ್ಳೇ ಇರ್ಬೇಡ ಅನ್ನು, ಪಕ್ಕದ ಕ್ಷೌರದಂಗಡಿಯೋನಿಗೆ ಆಗಾಗ ಇಣುಕಿ ನೋಡಪ್ಪ ಅಂತೀನಿ. ಆದ್ರೆ ಬೀಳ್ತೀಯ ಅಂತ ಮೂಲೇಲಿ ಕೂರಿಸ್ಬೇಡ. ಬೀಳೋದೇ ಇದ್ರೆ ನನ್ನ ಅಂಗಡೀಲಿ ಬೀಳ್ತೀನಿ."

"ಪಂಥ ಅಂದ್ರೆ ಪಂಥ" ಎಂದ ಮಗ. "ನೀನೇ ಒಪ್ಪಿದ್ದು."

"ಸರಿ ಹಾಗಾದ್ರೆ, ನ್ಯಾಯವಾದ ಪಂಥ ಕಟ್ಟೋಣ. ಈ ಕೆರೆ ಸುತ್ತ ಉದ್ದದ ದಾರಿ ಇದೆ. ನಾನೂ ಸುತ್ತೀನಿ, ನೀನೂ ಸುತ್ತು. ಇಬ್ಬರೂ ಕೂರೋ ಹಾಗಿಲ್ಲ. ನಾನು ಕೂತ್ರೆ ಅಂಗಡಿ ಬಿಡ್ತೀನಿ. ನೀನು ಕೂತ್ರೆ ಸ್ಕೂಲಿನ ಕೆಲಸ ಬಿಡು."

"ನನ್ನ ಕೆಲಸಾನಾ?" ಮಗ ದಂಗಾಗಿ ಹೋದ. "ನಿಂಗೇನು ತಲೆ ಕೆಟ್ಟಿದೆಯಾ? ಅದು ನನ್ನ ಕೆಲಸ ಅಮ್ಮ! ನಾನು ಕಷ್ಟಪಟ್ಟು ಮಾಡಿಕೊಂಡಿರೋದು! ಅದನ್ನ ಯಾಕೆ ಪಂಥಕ್ಕಿಡ್ಲಿ?"

ಕೆರೆಯ ಆಚೆ ದಡದಲ್ಲಿ ಯಾವುದೋ ಹಕ್ಕಿ ನೀರಿಗೆ ಬಿದ್ದು ಎದ್ದು ಹೋಯಿತು. ಮಗ ತಾನು ಆಡಿದ ಮಾತು ತನಗೇ ಕೇಳಿಸಿತೆನ್ನುವಂತೆ ನಿಂತಿದ್ದ. ಒಂದು ಸಲ ಚಿಕ್ಕಪ್ಪನ ಕಡೆ ನೋಡಿದ. ಅವರು ತೀರ್ಪು ಹೇಳುವುದನ್ನು ಬಿಟ್ಟು ಕೊಡೆಯ ತುದಿಗೆ ಅಂಟಿದ ಮಣ್ಣು ಕೆರೆಯತೊಡಗಿದ್ದರು. ಮಗ ನಿಧಾನವಾಗಿ ಅಮ್ಮನ ಪಕ್ಕದ ನೆಲದ ಮೇಲೆ ಕುಸಿದು ಕೂತ.

ಬ್ಯಾಗಮ್ಮ ಅವನ ತಲೆ ಸವರಲಿಲ್ಲ. ಸವರಬೇಕೆನಿಸಿತ್ತು, ಬೇಕೆಂದೇ ಬಿಟ್ಟಳು. ಅವನು ಸ್ವಲ್ಪ ಹೊತ್ತು ಹಾಗೇ ಇರಲಿ ಎನಿಸಿತು. ಕಾಲೊರೆಸಿಕೊಂಡು ಚಪ್ಪಲಿ ಮೆಟ್ಟಿ ಎದ್ದಳು.

"ಎಲ್ಲಿಗಮ್ಮ?" ಎಂದಳು ಮಗಳು.

"ಬಂಗಲೆ ನೋಡೋಕೆ. ಇಷ್ಟು ದೂರ ಬಂದಿದ್ದೀವಿ, ನೋಡದೆ ಹೋಗೋದಾ? ಬಾ."

ತಾಯಿ ಮಗಳಿಬ್ಬರೂ ಕಲ್ಲುಕಂಬಗಳ ನಡುವಿನಿಂದ ಒಳಗೆ ಹೋದರು. ಬ್ಯಾಗಮ್ಮ ಕಂಬವನ್ನು ಮುಟ್ಟಿದಳೋ ಇಲ್ಲವೋ ಯಾರೂ ಗಮನಿಸಲಿಲ್ಲ, ಅವಳೂ ಗಮನಿಸಲಿಲ್ಲ. ಒಳಗೆ ಪಾಚಿ ಹಿಡಿದ ಗೋಡೆಗಳು, ಮಂಡಿಯೆತ್ತರ ಹುಲ್ಲು. ದೊಡ್ಡ ಮನುಷ್ಯರು ಉಂಡು ಮಲಗಿದ ಕೋಣೆಗಳಲ್ಲಿ ಅಳಿಲುಗಳು ಸಂಸಾರ ಹೂಡಿದ್ದವು. ಮರ ಬೆಳೆದಿದ್ದ ಕೋಣೆಯಲ್ಲಿ ಇಬ್ಬರೂ ತಲೆಯೆತ್ತಿ ಬಹಳ ಹೊತ್ತು ನಿಂತರು. ಮಗಳು ಮೆಲ್ಲಗೆ, "ಅಜ್ಜಿ ಹೆಸರು ಚೆನ್ನಾಗಿತ್ತಮ್ಮ, ಅದೇ ಇರ್ಬೇಕಿತ್ತು ನಂಗೆ" ಎಂದಳು. ಬ್ಯಾಗಮ್ಮನ ಕಣ್ಣಲ್ಲಿ ಗಳಗಳ ನೀರು ಬಂತು. ಸೆರಗಿನಿಂದ ಒರೆಸಿಕೊಂಡು, "ಇವತ್ತಿನಿಂದ ನಾನು ಹಾಗೇ ಕರೀತೀನಿ, ಯಾರು ಬೇಡ ಅಂತಾರೋ ನೋಡ್ತೀನಿ" ಎಂದಳು. ಅಲ್ಲೇ ಆ ಹೆಸರು ಹಿಡಿದು ಒಮ್ಮೆ ಜೋರಾಗಿ ಕೂಗಿದಳು. ಸೂರಿಲ್ಲದ ಗೋಡೆಗಳ ನಡುವೆ ಹೆಸರು ಮೊಳಗಿತು. ಮಗಳು "ಓ" ಎಂದಳು.

ವಾಪಸು ಬರುವಾಗ ಬ್ಯಾಗಮ್ಮ ಬೇಕಾದಲ್ಲೆಲ್ಲ ಕೂತಳು. ಕಾಲು ಸೋತಿತ್ತು, ನಿಜವಾಗಿಯೂ ಸೋತಿತ್ತು. ತೊರೆಯ ದಿಮ್ಮಿಯ ಹತ್ತಿರ ಬಂದಾಗ, "ಎಲ್ಲಿ, ಕೈ ಕೊಡೋ" ಎಂದು ಮಗನನ್ನು ಕರೆದಳು. ಅವನು ಕೈ ಕೊಟ್ಟ. ಇಬ್ಬರೂ ಅಡ್ಡಡ್ಡ ಹೆಜ್ಜೆಯಿಡುತ್ತ ದಾಟಿದರು. ಆಚೆ ದಡ ಸಿಕ್ಕಿದ ಮೇಲೂ ಅವನು ಕೈ ಬಿಡಲಿಲ್ಲ.

ಕಾಡಿನ ಬಾಯಿಗೆ ಬರುತ್ತಿದ್ದಂತೆ ಚಿಕ್ಕಪ್ಪನ ಫೋನಿಗೆ ಜೀವ ಬಂತು, ಟಿಣ್ ಟಿಣ್ ಎಂದು ಬಡಿದುಕೊಳ್ಳತೊಡಗಿತು. ನೆಂಟರಿಷ್ಟರಿಗೆಲ್ಲ ಮೊದಲೇ ಸುದ್ದಿ ಹೋಗಿತ್ತು. ಎಲ್ಲರೂ ಫಲಿತಾಂಶಕ್ಕೆ ಕಾಯುತ್ತಿದ್ದರು. ಚಿಕ್ಕಪ್ಪ ಕನ್ನಡಕ ಏರಿಸಿ ಫೋನು ನೋಡಿದರು, ಅತ್ತಿಗೆಯನ್ನು ನೋಡಿದರು. ಅವರ ಜೀವನದಲ್ಲಿ ಮೊದಲ ಬಾರಿಗೆ ಏನು ತೀರ್ಪು ಕೊಡಬೇಕೆಂದು ತಿಳಿಯದಾಗಿತ್ತು.

"ಎಲ್ಲರೂ ಕೇಳ್ತಾ ಇದ್ದಾರೆ ಅತ್ತಿಗೆ. ಏನಂತ ಹೇಳ್ಲಿ?"

"ಸೋತಳು ಅಂತಲೇ ಹೇಳಪ್ಪ" ಎಂದಳು ಬ್ಯಾಗಮ್ಮ. "ಸೋತು, ಬೆಳಿಗ್ಗೆ ಎಂದಿನ ಹೊತ್ತಿಗೇ ಅಂಗಡಿ ತೆಗೀತಾಳೆ ಅಂತ ಹೇಳು."